ಎರಡು ಪದರದ ಲಂಗ

ನಮ್ಮ ದೊಡ್ಡಮ್ಮ, ಅಮ್ಮನ ಅಕ್ಕ, ಟೈಲರ್. ಬೀದಿಯ ತುದಿಯಲ್ಲಿ ಒಂದೇ ಕೋಣೆಯ ಅಂಗಡಿ, ಕಾಲಲ್ಲಿ ತುಳಿಯುವ ಮಷೀನು, ಬಾಯಿ ತುಂಬ ಗುಂಡುಸೂಜಿ. ಸೂಜಿ ಕಚ್ಚಿಕೊಂಡೇ ಗಿರಾಕಿಗಳನ್ನು ಬೈಯುತ್ತಿದ್ದಳು. ಅರ್ಧ ಬೈಗುಳ ಅವರಿಗೆ ಅರ್ಥವೇ ಆಗುತ್ತಿರಲಿಲ್ಲ, ಹಾಗಾಗಿ ವ್ಯಾಪಾರ ಚೆನ್ನಾಗಿತ್ತು.

ಮನೆಯ ಹೆಣ್ಣುಮಕ್ಕಳಿಗೆ ಮಾತ್ರ ಬೇರೆಯದೇ ಲಂಗ ಹೊಲಿಯುತ್ತಿದ್ದಳು. ಕಡುಗಂದು ಬಣ್ಣ, ಹಿಂಭಾಗಕ್ಕೆ ಒಳಗಿನಿಂದ ದಪ್ಪ ಬಟ್ಟೆಯ ಇನ್ನೊಂದು ಪದರ. ಮುಟ್ಟಾದರೆ ನಮಗೆ ರಕ್ತ ಅಷ್ಟು ಹೋಗುತ್ತಿತ್ತು. ಅಜ್ಜಿಗೂ ಹಾಗೇ ಇತ್ತಂತೆ. "ನಮ್ಮನೆ ಹೆಣ್ಮಕ್ಳಿಗೆ ರಕ್ತ ಧಾರಾಳ ಕಣೇ," ಅನ್ನುತ್ತಿದ್ದಳು ದೊಡ್ಡಮ್ಮ, ಮನೆತನದ ಉದ್ದ ಮೂಗಿನ ಬಗ್ಗೆ ಹೇಳಿದ ಹಾಗೆ. ತಲೆಸುತ್ತಿ ಬಿದ್ದರೆ ನೀರು ಕುಡಿಸಿ ಎಬ್ಬಿಸುತ್ತಿದ್ದಳು. ನಾವೂ ಎದ್ದು ಕೆಲಸಕ್ಕೆ ಹೋಗುತ್ತಿದ್ದೆವು, ಪೆದ್ದಮುಂಡೇವು.

ಅವಳ ಒಬ್ಬಳೇ ಮಗಳು ಗುಬ್ಬಿ ಹೆರಿಗೆ ಮುಗಿಸಿ ತಾಯಿಮನೆಗೆ ಬಂದಳು. ಹೆಣ್ಣುಮಗು. ಹೆರಿಗೆ ಸುಸೂತ್ರವಾಗಿಯೇ ಆಗಿತ್ತು. ವಾರ ಕಳೆದ ಮೇಲೆ ರಕ್ತ ಜೋರಾಯಿತು. ಬಾಣಂತಿಯನ್ನು ನೋಡಲು ಬಂದ ನರ್ಸ್ ಕೇಳಿದಳು, "ರಕ್ತ ಜಾಸ್ತಿ ಹೋಗ್ತಿದೆಯಾ?"

ಗುಬ್ಬಿ ಅಮ್ಮನ ಮುಖ ನೋಡಿದಳು.

"ಇಲ್ಲಮ್ಮ, ಎಲ್ಲ ಮಾಮೂಲಿ," ಅಂದಳು ದೊಡ್ಡಮ್ಮ.

ಅವಳೇನೂ ಸುಳ್ಳು ಹೇಳಲಿಲ್ಲ. ಅವಳು ಹುಟ್ಟಿದಾಗಿನಿಂದ ಕಂಡ ಮಾಮೂಲಿಯೇ ಅಷ್ಟು. ಮಾರನೇ ದಿನ ಗುಬ್ಬಿ ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡಳು.

ಆಮೇಲೆ ಡಾಕ್ಟರು ನಮ್ಮೆಲ್ಲರ ರಕ್ತ ಪರೀಕ್ಷೆ ಮಾಡಿಸಿದರು. ರಕ್ತ ಸೋರುವ ಕಡೆ ಪ್ಲೇಟ್‌ಲೆಟ್‌ಗಳು ಅಂಟಿಕೊಂಡು ತಡೆಯಬೇಕಾದರೆ ಒಂದು ಪ್ರೋಟೀನ್ ಬೇಕಂತೆ. ನಮ್ಮಲ್ಲಿ ಅದು ಕಡಿಮೆ. ಬಸುರಿಯಾದಾಗ ತಾನಾಗಿ ಏರುತ್ತದೆ, ಹೆತ್ತ ಮೇಲೆ ಇಳಿದುಬಿಡುತ್ತದೆ. ತಾಯಿಯ ಜೀನ್‌ನಲ್ಲಿದ್ದರೆ ಮಗುವಿಗೆ ಬರಲೂಬಹುದು, ಬರದೆಯೂ ಇರಬಹುದು. ಗುಬ್ಬಿಗೆ ದೊಡ್ಡಮ್ಮನಿಂದ ಬಂದಿತ್ತು.

"ಇದಕ್ಕೆ ಔಷಧಿ ಇಲ್ಲ ಅಲ್ವಾ ಡಾಕ್ಟ್ರೇ?" ದೊಡ್ಡಮ್ಮ ಕೇಳಿದಳು.

"ಇದೆಯಮ್ಮ. ಮಾತ್ರೆ ಇದೆ, ಇಂಜೆಕ್ಷನ್ ಇದೆ. ಮೊದಲೇ ಗೊತ್ತಾಗಿದ್ರೆ..." ಅಂದರು ಡಾಕ್ಟರು.

ಇಲ್ಲ ಅಂದುಬಿಟ್ಟಿದ್ದರೆ ಹಣೆಬರಹ ಅಂತ ಅತ್ತು ಹೇಗೋ ಬದುಕುತ್ತಿದ್ದಳು. ಆ ಡಾಕ್ಟರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ, ನಿಜ ಹೇಳಿದ್ದಕ್ಕೆ.

ಮಗು ಸ್ವಲ್ಪ ದೊಡ್ಡದಾದ ಮೇಲೆ ಅದಕ್ಕೂ ಪರೀಕ್ಷೆ ಮಾಡಿಸಿದೆವು. ಅದಕ್ಕೂ ಇದೆ.

ಮಗು ಈಗ ನನ್ನ ಹತ್ತಿರ ಬೆಳೆಯುತ್ತಿದೆ. ದೊಡ್ಡಮ್ಮನನ್ನು ಕಂಡರೆ ಕೈಚಾಚಿ ಓಡುತ್ತದೆ, ಅವಳು ಗೋಡೆಗೆ ಸರಿದು ನಿಲ್ಲುತ್ತಾಳೆ.

"ಒಂದು ಸಲ ಎತ್ಕೋ ದೊಡ್ಡಮ್ಮ, ಅಳ್ತಿದೆ," ಅಂದೆ ಮೊನ್ನೆ.

"ನಾನು ಕೊಡೋದೆಲ್ಲ ಅದಕ್ಕೆ ಕೊಟ್ಟಾಯ್ತಲ್ಲೇ," ಅಂದಳು.