ಭಾವನ ಟೈರು, ನನ್ನ ಗಾಡಿ

ನಮ್ಮ ಮನೆಯಲ್ಲಿ ವಸ್ತುಗಳು ಮೇಲಿನಿಂದ ಕೆಳಗೆ ಇಳಿಯುತ್ತವೆ. ಭಾವ ಹೊಸ ಫ್ರಿಜ್ ತಂದರೆ ಅವರ ಹಳೆಯದು ನಮ್ಮ ಅಡುಗೆಮನೆಗೆ ಬರುತ್ತದೆ. ನೆಗೆಣ್ಣಿಯ ಮಿಕ್ಸರ್, ಅವರ ಮಕ್ಕಳ ಸ್ವೆಟರ್, ಸೋಫಾ, ಗೋಡೆ ಗಡಿಯಾರ, ಎಲ್ಲವೂ ಹೀಗೇ ಬಂದವು. ಕೊಡುವವರು ಪ್ರೀತಿಯಿಂದಲೇ ಕೊಡುತ್ತಾರೆ, ಇಲ್ಲವೆನ್ನಲಾರೆ. ಆದರೆ ಬೇಕೋ ಬೇಡವೋ ಎಂದು ಕೆಳಗಿನವರನ್ನು ಕೇಳುವ ಪದ್ಧತಿ ಮಾತ್ರ ಇಲ್ಲ. ನನ್ನ ಗಂಡ ಕಿರಿಯ ಮಗ, ನಾನು ಕಿರಿಯ ಸೊಸೆ. ನಮಗಿಂತ ಕೆಳಗೆ ಯಾರೂ ಇಲ್ಲವಾದ್ದರಿಂದ ಎಲ್ಲವೂ ನಮ್ಮಲ್ಲಿಗೆ ಬಂದು ನಿಲ್ಲುತ್ತದೆ.

ಹೀಗೆ ಒಂದು ದಿನ ಭಾವನ ಕಾರಿನ ಟೈರುಗಳೂ ಇಳಿದು ಬಂದವು.

ಇನ್ನೊಂದು ಪದ್ಧತಿಯನ್ನೂ ಹೇಳಬೇಕು, ಇಲ್ಲದಿದ್ದರೆ ನನ್ನ ಸಿಟ್ಟು ಯಾರಿಗೂ ತಿಳಿಯುವುದಿಲ್ಲ. ಭಾವ, ಅಂದರೆ ನನ್ನ ಗಂಡನ ಅಣ್ಣ, ನನ್ನ ಜೊತೆ ನೇರವಾಗಿ ಮಾತಾಡುವುದಿಲ್ಲ. ತಮ್ಮನ ಹೆಂಡತಿಯ ಜೊತೆ ಎದುರುಬದುರು ನಿಂತು ಮಾತಾಡಬಾರದೆಂಬುದು ಅವರು ವಿಜಯಪುರದ ಕಡೆಯಿಂದ ಪುಣೆಗೆ ತಂದುಕೊಂಡ ಮರ್ಯಾದೆ. ನಾನು ಮುಂದೆಯೇ ನಿಂತಿದ್ದರೂ "ಆಕಿಗಿ ಹೇಳು, ಚಾ ಆರಿ ಹೋಗೇದ ಅಂತ" ಎಂದು ನನ್ನ ಗಂಡನಿಗೆ ಹೇಳುತ್ತಾರೆ. ನನ್ನ ಗಂಡ ಇಲ್ಲದಿದ್ದರೆ ಗೋಡೆಗೆ ಹೇಳುತ್ತಾರೆ. ಹೊಸತರಲ್ಲಿ ನಗು ಬರುತ್ತಿತ್ತು. ಆಮೇಲೆ ರೂಢಿಯಾಯಿತು.

ನನ್ನದು ರೊಟ್ಟಿಯ ಕೆಲಸ. ಪುಣೆಯ ಯೆರವಡಾದಲ್ಲಿ ಒಂದು ಬಾಡಿಗೆ ಜಾಗ ಹಿಡಿದಿದ್ದೇನೆ. ಕಟ್ಟಡದ ಕೆಲಸ ಸಾಕಾಗಿ ಬಿಟ್ಟುಬಂದ ನಮ್ಮ ಕಡೆಯ ಹೆಣ್ಣುಮಕ್ಕಳು ಅಲ್ಲಿ ಕೂತು ಜೋಳದ ರೊಟ್ಟಿ ಬಡಿಯುತ್ತಾರೆ. ರೊಟ್ಟಿ ಕಂಪನಿ ಕ್ಯಾಂಟೀನುಗಳಿಗೂ ಕ್ಯಾಂಪ್ ಪೇಟೆಯ ಖಾನಾವಳಿಗಳಿಗೂ ಹೋಗುತ್ತದೆ. ಭಾವನ ಧಾನ್ಯದ ಅಂಗಡಿ ಮಾರ್ಕೆಟ್ ಯಾರ್ಡಿನಲ್ಲಿದೆ, ನನ್ನ ಗಂಡನೂ ಅಲ್ಲೇ ಇರುತ್ತಾರೆ. ಅಲ್ಲಿಂದ ಜೋಳದ ಚೀಲಗಳನ್ನು ನನ್ನ ಸಣ್ಣ ಕಾರಿನಲ್ಲಿ ಹಿಂದಿನ ಸೀಟು ಮಡಚಿ ಹೇರಿಕೊಂಡು ನಾನೇ ಗಿರಣಿಗೆ ಒಯ್ಯುತ್ತೇನೆ. ಆ ಕಾರೊಂದೇ ನಮ್ಮ ಮನೆಗೆ ಮೇಲಿನಿಂದ ಇಳಿದು ಬಂದದ್ದಲ್ಲ, ರೊಟ್ಟಿಯ ದುಡಿಮೆಯಲ್ಲಿ ನಾನು ಕೊಂಡದ್ದು. ಅದರ ಕೀಲಿ ನನ್ನ ಕೈಯಲ್ಲಿದ್ದರೆ ಹೊತ್ತಿಗೆ ಸರಿಯಾಗಿ ಒಲೆ ಹತ್ತುತ್ತದೆ. ಇಲ್ಲದಿದ್ದರೆ ಆ ಹೆಣ್ಣುಮಕ್ಕಳು ಮತ್ತೆ ಸಿಮೆಂಟಿನ ಬುಟ್ಟಿ ಹೊರಬೇಕು.

ಭಾವ ತಮ್ಮ ಕಾರಿಗೆ ಹೊಳೆಯುವ ಹೊಸ ಚಕ್ರಗಳನ್ನೇ ಹಾಕಿಸಿಕೊಂಡರು. ಬಿಚ್ಚಿದ ಟೈರುಗಳು ಇನ್ನೂ ಸವೆದಿರಲಿಲ್ಲ. ನಾನು ಊರಿಗೆ ಮದುವೆಗೆಂದು ಹೋಗಿ ಬರುವಷ್ಟರಲ್ಲಿ ಅವು ನನ್ನ ಕಾರಿಗೆ ಏರಿ ಕುಳಿತಿದ್ದವು. ನನ್ನ ಟೈರುಗಳನ್ನು ಗುಜರಿಗೆ ಹಾಕಿದ್ದರು.

"ನನ್ನ ಒಂದ್ ಮಾತ ಕೇಳಬಾರದಿತ್ತೇನ್ರಿ?" ಎಂದು ಗಂಡನನ್ನು ಕೇಳಿದೆ.

"ಅಣ್ಣ ಪ್ರೀತಿಲೆ ಕೊಟ್ಟಾನ. ಬ್ಯಾಡ ಅನ್ಲಾಕ ಆಗ್ತದೇನು?" ಅಂದರು.

ಮಾರನೆಯ ದಿನವೇ ಶುರುವಾಯಿತು. ಚೀಲ ಹೇರಿಕೊಂಡು ಸ್ಪೀಡ್ ಬ್ರೇಕರ್ ಹತ್ತಿ ಇಳಿದರೆ ಹಿಂದಿನಿಂದ ಗರ್ರ್ ಎಂಬ ಸದ್ದು. ರಬ್ಬರು ಸುಟ್ಟ ವಾಸನೆ. ಖಾಲಿ ಗಾಡಿಯಲ್ಲಿ ಹೋದರೆ ಏನೂ ಇಲ್ಲ. ಯಾರ್ಡಿನ ಗೇಟಿನ ಹತ್ತಿರ ಒಂದು ದೊಡ್ಡ ಸ್ಪೀಡ್ ಬ್ರೇಕರ್ ಇದೆ. ಅಲ್ಲಿ ನನ್ನ ಗಾಡಿ ಗರ್ರೆಂದಾಗ ಭಾವ ಅಂಗಡಿಯ ಮುಂದೆ ನಿಂತಿದ್ದರು. ಸಂಜೆ ಅಂಗಡಿಯ ಮುಂದೆ ಹಮಾಲರು, ಪಕ್ಕದ ಅಂಗಡಿಯವರು ಎಲ್ಲರೂ ಇದ್ದಾಗ ದೊಡ್ಡ ದನಿಯಲ್ಲಿ ನನ್ನ ಗಂಡನಿಗೆ ಹೇಳಿದರು.

"ಆಕಿಗಿ ಗಾಡಿ ಹೊಡಿಲಾಕ ಬರೂದಿಲ್ಲ. ಎತ್ತಿ ಒಗದಂಗ ಹೊಡಿತಾಳ."

ಆಮೇಲೆ ತಾವೇ ನನ್ನ ಕಾರಿನಲ್ಲಿ ಕುಳಿತು ಯಾರ್ಡಿಗೆ ಒಂದು ಸುತ್ತು ಹಾಕಿ ಬಂದರು. ಒಬ್ಬರೇ, ಖಾಲಿ ಗಾಡಿಯಲ್ಲಿ! ಸದ್ದು ಎಲ್ಲಿಂದ ಬರಬೇಕು? "ನೋಡು, ನಾ ಹೊಡದ್ರ ಏನ್ ಸಪ್ಪಳ ಅದ?" ಎಂದು ಕೀಲಿಯನ್ನು ಜೇಬಿಗಿಳಿಸಿದರು. ಇನ್ನು ಮೇಲೆ ಜೋಳ ಅವರ ಟೆಂಪೋದಲ್ಲಿ ಬರುತ್ತದಂತೆ, ನಾನು ರಸ್ತೆಗೆ ಇಳಿಯುವುದೇ ಬೇಡವಂತೆ. ನನ್ನ ಗಂಡ ತಲೆ ಕೆಳಗೆ ಹಾಕಿ ನಿಂತಿದ್ದರು. ನನ್ನ ಮೈಯೆಲ್ಲ ಉರಿದುಹೋಯಿತು. ನನ್ನ ಗಾಡಿ, ನನ್ನ ಕೀಲಿ, ನನ್ನ ರೊಟ್ಟಿ, ತೀರ್ಪು ಮಾತ್ರ ಅವರದು!

ಟೆಂಪೋ ಬಂತು, ಅದಕ್ಕೆ ಬಿಡುವಾದಾಗ. ಒಂದು ದಿನ ಮಧ್ಯಾಹ್ನ, ಇನ್ನೊಂದು ದಿನ ಬರಲೇ ಇಲ್ಲ. ಹೆಣ್ಣುಮಕ್ಕಳು ಖಾಲಿ ಒಲೆಯ ಮುಂದೆ ಕುಳಿತರು. ಕ್ಯಾಂಟೀನಿನವನು ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಅಂದ. "ಅಕ್ಕಾ, ನಾಳಿ ಬರೂಣೋ ಬ್ಯಾಡೋ ಇವತ್ತ ಹೇಳ್ರಿ, ಕಟ್ಟಡದ ಕೆಲಸಕ್ಕ ಮುಕಾದಮ್‌ನ ಕೇಳಬೇಕು" ಎಂದು ಅವರಲ್ಲೊಬ್ಬಳು ಮೆಲ್ಲಗೆ ಕೇಳಿದಾಗ ನನಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂದವು.

ರೊಟ್ಟಿಯ ಡಬ್ಬಿಗಳು ಇನ್ನೂ ಕಾರಿನಲ್ಲೇ ಇದ್ದವು. ಅವನ್ನು ತರಲೆಂದು ಗಂಡನ ಮೂಲಕ ಭಾವನಿಂದ ಕೀಲಿ ತರಿಸಿಕೊಂಡು ಯಾರ್ಡಿಗೆ ಹೋದೆ. ಡ್ರೈವರ್ ಬಾಗಿಲು ತೆಗೆದಾಗ ಚೌಕಟ್ಟಿನ ಮೇಲೆ ಅಂಟಿಸಿದ್ದ ಚೀಟಿ ಕಣ್ಣಿಗೆ ಬಿತ್ತು. ಎಷ್ಟು ವರ್ಷದಿಂದ ಅಲ್ಲೇ ಇತ್ತು, ಯಾರು ನೋಡುತ್ತಾರೆ? ಅದರ ಮೇಲೆ ಟೈರಿನ ಅಳತೆ: 165/70 R14. ಕೆಳಗೆ ಕುಕ್ಕರುಗಾಲಲ್ಲಿ ಕುಳಿತು ಟೈರಿನ ಮಗ್ಗುಲು ಒರೆಸಿದೆ. 185/70 R14. ಈ ಅಂಕಿಗಳು ಏನು ಹೇಳುತ್ತವೆಂದು ಫೋನಿನಲ್ಲಿ ಹುಡುಕಿ, ಅಲ್ಲೇ ಧೂಳಿನಲ್ಲಿ ಕುಳಿತು ಓದಿದೆ. ಮೊದಲನೆಯದು ಟೈರಿನ ಅಗಲ, ಮಿಲಿಮೀಟರಿನಲ್ಲಿ. ಕೊನೆಯ ಹದಿನಾಲ್ಕು ಒಳಗಿನ ಕಬ್ಬಿಣದ ಚಕ್ರದ ಅಳತೆ, ಇಂಚಿನಲ್ಲಿ. ನಡುವಿನ ಎಪ್ಪತ್ತು ಮಾತ್ರ ಇಂಚೂ ಅಲ್ಲ, ಮಿಲಿಮೀಟರೂ ಅಲ್ಲ. ಟೈರು ಎಷ್ಟು ಅಗಲವೋ ಅದರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಅದರ ಮಗ್ಗುಲಿನ ಎತ್ತರ. ಅಗಲ ಹೆಚ್ಚಿದರೆ ಎತ್ತರವೂ ತಾನಾಗಿ ಹೆಚ್ಚುತ್ತದೆ. ಅಂದರೆ ಭಾವನ ಟೈರು ನನ್ನ ಗಾಡಿಗೆ ಅಗಲದಲ್ಲೂ ದೊಡ್ಡದು, ಎತ್ತರದಲ್ಲೂ ದೊಡ್ಡದು. ಚೀಲದ ಭಾರಕ್ಕೆ ಗಾಡಿ ಕೆಳಗೆ ಕೂತಾಗ ಟೈರು ಮೇಲಿನ ತಗಡಿಗೆ ಉಜ್ಜದೆ ಇನ್ನೇನು ಮಾಡೀತು? ಕೈಯಾಡಿಸಿದರೆ ಒಳಮಗ್ಗುಲಲ್ಲಿ ರಬ್ಬರು ಕೆತ್ತಿಹೋಗಿತ್ತು. ಹೆದ್ದಾರಿಯಲ್ಲಿ ಒಡೆದಿದ್ದರೆ? ಆಗಲೂ ನನಗೆ ಹೊಡೆಯಲು ಬರುವುದಿಲ್ಲವೆಂದೇ ಅನ್ನುತ್ತಿದ್ದರು.

ರಾತ್ರಿ ಎರಡೂ ಮನೆಯವರು ಊಟಕ್ಕೆ ಕೂಡಿದಾಗ ಗಂಡನ ಮೂಲಕ ಹೇಳಿಸಿದೆ. ಭಾವ ನಕ್ಕರು.

"ಎಪ್ಪತ್ತ ಎಪ್ಪತ್ತ ಅದ, ಹದಿನಾಕ ಹದಿನಾಕ ಅದ. ಅಗಲ ಇಪ್ಪತ್ತ ಜಾಸ್ತಿ ಅದ. ಕೊಸರ ಬಂದದ ಅಂತ ತಿಳ್ಕೋ ಅಂತ ಹೇಳು ಆಕಿಗಿ."

ಕೊಸರು! ಅಳೆದ ಮೇಲೆ ಒಂದು ಹಿಡಿ ಹೆಚ್ಚು ಸುರಿದರೆ ಯಾರ್ಡಿನಲ್ಲಿ ಎಲ್ಲರಿಗೂ ಖುಷಿ. ಜೋಳಕ್ಕೆ ಅದು ಸರಿ. ಟೈರಿಗೆ ಕೊಸರು ಬೇಕೆಂದು ಯಾರು ಹೇಳಿದರು? ದಿನಬೆಳಗಾದರೆ ಕಮಿಷನ್ನಿನ ಶೇಕಡಾ ಲೆಕ್ಕವನ್ನು ಬಾಯಲ್ಲೇ ಹೇಳುವ ಮನುಷ್ಯನಿಗೆ, ಅಗಲ ಬೇರೆಯಾದರೆ ನೂರಕ್ಕೆ ಎಪ್ಪತ್ತೂ ಬೇರೆಯಾಗುತ್ತದೆಂದು ಗೊತ್ತಾಗುವುದಿಲ್ಲವೇ? ಗೊತ್ತಾಗುತ್ತದೆ. ಹೇಳಿದವಳು ನಾನು, ಅದಕ್ಕೆ ಗೊತ್ತಾಗಲಿಲ್ಲ.

ಬೆಳಿಗ್ಗೆ ಯಾರ್ಡಿಗೆ ಹೋಗಿ, ಗಂಡನ ಮುಖವನ್ನೂ ನೋಡದೆ, ಡಬ್ಬಿಗೆಂದು ತರಿಸಿದ್ದ ಕೀಲಿಯಿಂದ ಕಾರು ತೆರೆದು, ಹಮಾಲರಿಂದ ಯಾವಾಗಲೂ ಹೇರುವಷ್ಟೇ ಚೀಲ ಹೇರಿಸಿ, ಕೀಲಿಯನ್ನು ಗಾಡಿಯಲ್ಲೇ ಬಿಟ್ಟೆ. ಭಾವ ಗದ್ದಿಗೆಯ ಮೇಲೆ ಕುಳಿತಿದ್ದರು. ನಾನು ಅಂಗಡಿಯ ಗೋಡೆಗೆ ಮುಖಮಾಡಿ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದೆ.

"ಏ ಗ್ವಾಡೀ, ಭಾವಾರಿಗಿ ಹೇಳವಾ. ಖಾಲಿ ಗಾಡಿ ಯಾರರೆ ಹೊಡಿತಾರ. ಚೀಲ ಹೇರೀನಿ, ಈಗ ಆ ಬ್ರೇಕರ್ ದಾಟಸಿ ತೋರಸ್ರಿ ಅಂತ ಹೇಳು."

ಹಮಾಲರು ಗೊಳ್ಳೆಂದು ನಕ್ಕರು. ನನ್ನ ಗಂಡನಿಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿರಬೇಕು. ಭಾವ ಕೆಂಪಾಗಿ ಎದ್ದು ಹೋಗಿ ಕಾರಿನಲ್ಲಿ ಕುಳಿತರು. ಗೇಟಿನ ಹತ್ತಿರ ಬಹಳ ಸಾವಕಾಶವಾಗಿ, ಮದುಮಗಳ ಪಲ್ಲಕ್ಕಿ ಹೊತ್ತವರಂತೆ, ಬ್ರೇಕರ್ ಹತ್ತಿ ಇಳಿಸಿದರು.

ಗರ್ರ್.

ತಿರುಗಿಸಿಕೊಂಡು ಬರುವಾಗ ಇನ್ನೂ ಸಾವಕಾಶ. ಮತ್ತೆ ಗರ್ರ್.

"ಆವಾಜ್ ಯೇತೋಯ್, ಶೇಟ್!" ಸದ್ದು ಬರ್ತಾ ಇದೆಯೆಂದು ಹಮಾಲನೊಬ್ಬ ಮರಾಠಿಯಲ್ಲಿ ಕೂಗಿದ.

ಭಾವ ಇಳಿದು, ಬಗ್ಗಿ ಟೈರು ನೋಡಿದರು. ಕೆತ್ತಿಹೋದ ಜಾಗಕ್ಕೆ ಬೆರಳು ಹಚ್ಚಿದರು. ಎದ್ದು ಬಂದು ಕೀಲಿಯನ್ನು ನನ್ನ ಗಂಡನ ಕೈಗೆ ಕೊಟ್ಟು, "ಟೈರ್ ಬದಲಿ ಮಾಡಸು. ಆಮ್ಯಾಲ ಆಕಿಗಿ ಕೊಡು" ಅಂದರು. ಮುಗಿಯಿತಂತೆ! ನನಗೆ ಬರುವುದಿಲ್ಲವೆಂದು ಇಡೀ ಯಾರ್ಡಿಗೆ ಸಾರಿದ ಬಾಯಿ, ಈಗ ಟೈರಿನ ವಿಷಯ ಮಾತ್ರ ಆಡಿ ಗದ್ದಿಗೆಯ ಕಡೆ ಹೊರಟಿತು. ನಾನು ಅಡ್ಡ ನಿಂತೆ.

"ಭಾವಾರ, ನಂಗ ಗಾಡಿ ಹೊಡಿಲಾಕ ಬರ್ತದೋ ಇಲ್ಲೋ?"

ಅವರು ಗೋಡೆಯ ಕಡೆ ತಿರುಗಿದರು. "ಬರ್ತದಂತ ಹೇಳು ಆಕಿಗಿ."

"ಬರ್ತದಂತ..." ಎಂದು ನನ್ನ ಗಂಡ ಶುರುಮಾಡಿದರು.

"ನೀವ್ ಸುಮ್ಕಿರ್ರಿ," ಅಂದೆ. "ಬರೂದಿಲ್ಲ ಅಂತ ಮಂದಿ ಮುಂದ ಅಂದಾರ. ಬರ್ತದ ಅನ್ನೂದು ನನ್ನ ಮುಂದ ಅನ್ಲಿ."

ಭಾವ ತಮ್ಮನ ಕೈಯಿಂದ ಕೀಲಿ ವಾಪಸು ತೆಗೆದುಕೊಂಡರು. ನಾನು ಆ ಮನೆಗೆ ಬಂದ ಮೇಲೆ ಮೊದಲ ಸಲ ನನ್ನ ಮುಖ ನೋಡಿದರು.

"ನಿನಗ ಬರ್ತದವಾ," ಅಂದರು. "ನಾನ ತಿಳೀದ ಅಂದೆ."

ಅವರ ಕೈಯಿಂದಲೇ ಕೀಲಿ ಇಸಿದುಕೊಂಡೆ. ಬಯ್ಯಲೆಂದು ಕಟ್ಟಿಟ್ಟುಕೊಂಡಿದ್ದ ಮಾತುಗಳೆಲ್ಲ ಬಾಯಲ್ಲೇ ಉಳಿದವು. ಚೀಲ ಇಳಿಸಿ ಖಾಲಿ ಗಾಡಿ ಮಾಡಿಕೊಂಡು ಕ್ಯಾಂಪಿನ ಟೈರು ಅಂಗಡಿಗೆ ಹೊರಟೆ. ಗಂಡ ಪಕ್ಕದಲ್ಲಿ ಕುಳಿತರು.

ಡ್ರೈವರ್ ಸೀಟಿನಿಂದ ಇಳಿದವಳು ನಾನು, ಕೀಲಿ ಹಿಡಿದವಳು ನಾನು. ಅಂಗಡಿಯವನು ನನ್ನ ತಲೆಯ ಮೇಲಿಂದ ನನ್ನ ಗಂಡನನ್ನು ನೋಡಿ ಟೈರಿನ ಅಳತೆ ಏನೆಂದು ಕೇಳಿದ: "ಸಾಹೇಬ್, ಸೈಜ್ ಕಾಯ್?"

ಆರಿದ್ದ ಸಿಟ್ಟು ಮತ್ತೆ ಭಗ್ಗೆಂದಿತು. ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ ಒಂದು ಹೆಜ್ಜೆ ಹಿಂದೆ ಸರಿದರು.

"ಗಾಡಿ ತ್ಯಾಂಚಿ ಆಹೇ," ಅಂದರು ಅವನಿಗೆ. "ತ್ಯಾಂನಾಚ್ ವಿಚಾರಾ." ಗಾಡಿ ಅವರದು, ಅವರನ್ನೇ ಕೇಳಿ.

ನಾನು ಕಾರಿನ ಬಾಗಿಲು ತೆಗೆದು ಚೀಟಿ ತೋರಿಸಿದೆ.