ನದರ್ ತೆಗೆದು ತೂಕ ನೋಡುವ ಅಮೃತಮ್ಮ

ಶಹಾಬಾದ್‌ನ ಓಣಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಅಂಗನವಾಡಿ ಕಾರ್ಯಕರ್ತೆ ಅಮೃತಮ್ಮ ತೂಕದ ಮಷೀನು ಹೊತ್ತು ಜೈತುನ್ಬೀ ಅವರ ಬಾಗಿಲು ಬಡಿಯುತ್ತಾರೆ. ಹೊತ್ತೇರಿದರೆ ಮುಗಿಯಿತು, ಅಜ್ಜಿ ಐದು ವರ್ಷದ ಮೊಮ್ಮಗ ಮುಕ್ರಮನನ್ನು ಪಕ್ಕದ ಮನೆಗೆ ದಾಟಿಸಿಬಿಡುತ್ತಾರೆ.

ಚೀಲದಿಂದ ಮೊದಲು ಹೊರಬರುವುದು ಉಪ್ಪು, ಒಣಮೆಣಸಿನಕಾಯಿ. ಹುಡುಗನಿಗೆ ನಿವಾಳಿಸಿ ಒಲೆಗೆ ಹಾಕಿದ ಮೇಲೆಯೇ ತೂಕ. ಹೋದ ವರ್ಷ ಅಮೃತಮ್ಮ ನಾಲ್ಕು ಜನರೆದುರು "ಮುಕ್ರಮನ ತೂಕ ಭಾಳ ಆಗ್ಯದ" ಅಂದದ್ದೇ ತಪ್ಪಾಯಿತು. ಮರುದಿನ ಹುಡುಗನಿಗೆ ಜ್ವರ. ಅಂಗನವಾಡಿ ಟೀಚರಮ್ಮನ ನದರ್, ಅಂದರೆ ದೃಷ್ಟಿ, ತಾಗಿತೆಂದು ಓಣಿಯೆಲ್ಲ ಗುಲ್ಲು. ತಿಂಗಳುಗಟ್ಟಲೆ ಒಬ್ಬ ತಾಯಿಯೂ ಮಗುವನ್ನು ಮಷೀನು ಹತ್ತಿಸಲಿಲ್ಲ.

"ನದರ್ ನಂದೇ ಅಂದ್ರ ತೆಗಿಯೋಳೂ ನಾನೇ ಆಗ್ತೀನಿ ಅಂದೆ," ಎನ್ನುತ್ತಾರೆ ಅಮೃತಮ್ಮ. ಮೇಲಧಿಕಾರಿಯೊಬ್ಬರು ಸಭೆಯಲ್ಲಿ ಮೂಢನಂಬಿಕೆ ಎಂದು ಬೈದರು. ಬೈಯಲಿಕ್ಕೇನು, ಅವರು ಈ ಓಣಿಗೆ ಕಾಲಿಟ್ಟರೆ ತಾನೆ!

ಹಾಗಂತ ಜೈತುನ್ಬೀ ಅವರನ್ನು ದೂರುವುದು ಹೇಗೆ? ಮುಕ್ರಮನ ಅಣ್ಣ ಸೊರಗಿ ಸೊರಗಿ ಇದೇ ಮನೆಯಲ್ಲಿ ತೀರಿಕೊಂಡ. "ಆ ಕೂಸಿನ ಎಲುಬು ನಾ ನೋಡೀನ್ರಿ. ಇವನ ಗಲ್ಲಾರ ತುಂಬಿರ್ಲಿ ಬಿಡ್ರಿ," ಎನ್ನುತ್ತಲೇ ಅಜ್ಜಿ ಬಿಸ್ಕಿಟ್ ಪಾಕೀಟು ಹರಿಯುತ್ತಾರೆ. ತೂಕ ನೋಡಿದರೆ ಮಗು ಇಳಿದುಹೋಗುತ್ತದಂತೆ, ಅದಕ್ಕೀ ಪರಿಹಾರ.

ಹುಡುಗನ ಕುತ್ತಿಗೆಯ ಹಿಂದೆ ಕಪ್ಪು ಕಟ್ಟಿದೆ. ಸಕ್ಕರೆ ಕಾಯಿಲೆಯ ಸೂಚನೆ ಇರಬಹುದು, ರಕ್ತ ಪರೀಕ್ಷೆ ಮಾಡಿಸಿ ಎಂದು ಡಾಕ್ಟರು ಹೇಳಿ ಎಷ್ಟೋ ದಿನವಾಯಿತು. ಅಜ್ಜಿ ಅದನ್ನು ಕೊಳೆ ಎಂದು ದಿನಾ ತಿಕ್ಕುತ್ತಾರೆ. ಆಡಿ ಕರಗಿಸೋಣವೆಂದರೆ ಓಣಿಯ ಬಯಲು ತುಂಬ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ರಾಶಿ, ಲಾರಿಗಳು.

"ಸೊರಗಿದ ಕೂಸಿಗಾದ್ರ ಮೊಟ್ಟಿ, ಹಾಲು ಕೊಡ್ತೀನಿ. ತಾಯಂದ್ರು ಕೈ ಮುಗೀತಾರ. ಇಂಥ ಕೂಸಿನ ಕೈಯಾಗಿಂದು ನಾ ಕಸ್ಕೋಬೇಕು. ಕಸ್ಕೊಳ್ಳೋಕಿಗೆ ಯಾರು ಬಾಗ್ಲಾ ತೆಗೀತಾರ್ರಿ?" ಅಮೃತಮ್ಮನ ದನಿಯಲ್ಲಿ ಸಿಟ್ಟಿದೆ, ಅಳುವೂ ಇದೆ.

ಇವತ್ತೂ ತೂಕ ಏರಿದೆ. ಅಮೃತಮ್ಮ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. "ಖಾಲಾ, ಆಸ್ಪತ್ರಿಗೆ ಹೋಗೂಣು ನಡೀರಿ. ಸೂಜಿ ಚುಚ್ಚೂಕಿಂತ ಮೊದ್ಲು ಅಲ್ಲೂ ನಾನೇ ನಿವಾಳಸ್ತೀನಿ," ಎಂದು ಗೋಗರೆಯುತ್ತಾರೆ.

"ನೋಡೂಣು," ಎಂದು ಅಜ್ಜಿ ಒಳಗೆ ಹೋಗುತ್ತಾರೆ. ಪ್ರತಿ ತಿಂಗಳೂ ಇದೇ ಉತ್ತರ.

ಇಷ್ಟೆಲ್ಲ ಮಾಡುವ ನಿಮಗೇನು ಬೇಕು ಎಂದು ನಾವು ಕೇಳಿದರೆ ಅಮೃತಮ್ಮ ಮಷೀನು ಎತ್ತಿಕೊಂಡು, ಹೊಸ್ತಿಲಲ್ಲಿ ಏದುಸಿರು ಬಿಡುತ್ತ ಕೂತ ಹುಡುಗನ ಕಡೆ ನೋಡುತ್ತಾರೆ.

"ಸನ್ಮಾನ ಗಿನ್ಮಾನ ಬ್ಯಾಡ್ರಿ. ನನ್ನ ನೋಡಿದ ಕೂಡ್ಲೇ ಇಂವ ಓಡಿ ಹೋಗ್ಬೇಕು, ನಾ ಬೆನ್ನು ಹತ್ತಿದ್ರೂ ಸಿಗಬಾರ್ದು. ಈಗ ಪಾಪ, ಕುಂತಲ್ಲೇ ಸಿಗ್ತಾನ."