ಮೇಷ್ಟ್ರ ಆಟೋಮ್ಯಾಟಿಕ್ ಪ್ಲೇಯರ್

ರೆಕಾರ್ಡ್ ಪ್ಲೇಯರಿನ ತಟ್ಟೆ ಎತ್ತಿದ ಕೂಡಲೇ ಕಮಟು ಕೊಬ್ಬರಿ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಕೆಳಗಿನ ಹಲ್ಲುಚಕ್ರದ ಸಂದಿಯಲ್ಲಿ ಗ್ರೀಸು, ಎಣ್ಣೆ, ಕುಂಕುಮ ಮೂರೂ ಸೇರಿ ಅಂಟಿನುಂಡೆಯ ಹಾಗೆ ಗಟ್ಟಿಯಾಗಿದ್ದವು. ಈ ಮೇಷ್ಟ್ರಿಗೆ ಏನೆಂದು ಬೈಯಲಿ ಅನಿಸಿತು. ಬೈಸಿಕೊಳ್ಳುವುದಕ್ಕೆ ಅವರೇ ಇಲ್ಲ.

ಅಶೋಕಪುರಂನಲ್ಲಿ ಅವರು ನಮ್ಮ ಪಕ್ಕದ ಮನೆಯವರು. ಡ್ರಿಲ್ ಮೇಷ್ಟ್ರಾಗಿ ನಿವೃತ್ತರಾದವರು. ಬೀದಿಗೆಲ್ಲ ಬರೀ ಮೇಷ್ಟ್ರು. ಕಾಯಿಲೆ ಬಂದು ಕೈಗಳು ನಡುಗಲು ಶುರುವಾದ ಮೇಲೆ ಲೋಟ ಹಿಡಿದರೆ ಅರ್ಧ ಕಾಫಿ ಪಂಚೆಯ ಮೇಲೆ. ಅಂಗಿಯ ಗುಂಡಿಯನ್ನೂ ಮಗನೇ ಹಾಕಬೇಕಿತ್ತು. ಯಾರ ಹಂಗೂ ಇಲ್ಲದೆ ಮಾಡಬಹುದಾಗಿದ್ದದ್ದು ಒಂದೇ, ಹಾಡು ಕೇಳುವುದು. ರೆಕಾರ್ಡನ್ನು ಎರಡೂ ಅಂಗೈಯಲ್ಲಿ ಅಮುಕಿ ಹಿಡಿದು ಹೇಗೋ ಇಟ್ಟು, ಮುಷ್ಟಿಯಿಂದ ಲಿವರ್ ತಳ್ಳುತ್ತಿದ್ದರು. ಮುಳ್ಳಿನ ತೋಳು ತಾನೇ ಎದ್ದು, ತಾನೇ ಹೋಗಿ ಕೂರುತ್ತಿತ್ತು. ಹಾಡು ಮುಗಿದರೆ ತಾನೇ ವಾಪಸು. ಅದು ಏಳುವಾಗ ಮೇಷ್ಟ್ರು “ಸಾವಧಾನ್” ಎನ್ನುತ್ತಿದ್ದರು, ಬಂದು ಒರಗಿದಾಗ “ವಿಶ್ರಾಮ್”. ಗೋಡೆಯಾಚೆ ನಮ್ಮ ಅಡುಗೆಮನೆಗೂ ಕೇಳುತ್ತಿತ್ತು...

ಆಯುಧಪೂಜೆ ಬಂದರೆ ಸೈಕಲ್ಲು, ಈಳಿಗೆಮಣೆ, ಮಿಕ್ಸಿಯ ಜೊತೆ ಅದಕ್ಕೂ ಪೂಜೆ. ಕುಂಕುಮ ಇಟ್ಟು ಸುಮ್ಮನಿರಬಾರದೇ? ನಡುವಿನ ಕಡ್ಡಿಯ ಸುತ್ತ ಕೊಬ್ಬರಿ ಎಣ್ಣೆ ಬಿಡುತ್ತಿದ್ದರು. ನಡುಗುವ ಕೈಯಲ್ಲಿ ಎರಡು ಹನಿ ಅಂದುಕೊಂಡದ್ದು ಅರ್ಧ ಬಟ್ಟಲಾಗುತ್ತಿತ್ತು. ಬೇಡ ಎಂದರೆ, “ವರ್ಷಕ್ಕೊಂದ್ಸಲನಾದ್ರೂ ಅದ್ರ ತಲೆಗೂ ಎಣ್ಣೆ ಬೇಡ್ವೇನಮ್ಮ” ಎಂದು ನನಗೇ ಬುದ್ಧಿ ಹೇಳುತ್ತಿದ್ದರು.

ಒಂದು ದಸರಾ ಕಳೆದ ಮೇಲೆ ತೋಳು ಅರ್ಧ ಎದ್ದು ನಿಂತುಬಿಟ್ಟಿತು. ಮಗ ಯಾವುದೋ ಅಂಗಡಿಗೆ ಒಯ್ದು ರಿಪೇರಿ ಮಾಡಿಸಿ ತಂದ. ಪ್ಲೇಯರ್ ಹಾಡುತ್ತಿತ್ತು, ಆದರೆ ಲಿವರ್ ತಳ್ಳಿದರೆ ತೋಳು ಅಲುಗುತ್ತಿರಲಿಲ್ಲ. ತಾನಾಗಿ ಏಳಿಸುವ ಕೊಂಡಿ ಮುರಿದಿತ್ತಂತೆ, ಅಂಗಡಿಯವರು ಎಸೆದರಂತೆ.

“ಅದೊಂದು ರಗಳೆ ಕಣಕ್ಕ. ಮುಳ್ಳನ್ನ ಕೈಯಲ್ಲೇ ಇಟ್ಕೊಂಡ್ರಾಯ್ತು ಬುಡಿ,” ಎಂದ ಮಗ.

ಯಾರ ಕೈಯಲ್ಲಿ? ದಿನಾ ಬೆಳಿಗ್ಗೆ ಅಪ್ಪನ ಅಂಗಿಗೆ ಗುಂಡಿ ಹಾಕುವವನಿಗೆ ಆ ಕೈ ಕಾಣಲಿಲ್ಲವೇ? ಆ “ಬುಡಿ” ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಒಂದು ಮಧ್ಯಾಹ್ನ ಗೋಡೆಯಾಚೆ ಕರ್ರ್ ಎಂದು ಕೆರೆದ ಸದ್ದು. ಓಡಿ ಹೋದೆ. ಮೇಷ್ಟ್ರು ಕಾಲಗಲಿಸಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಪ್ಲೇಯರಿನ ಮುಂದೆ ನಿಂತಿದ್ದರು. ತಾವೇ ಮುಳ್ಳಿಡಲು ಹೋಗಿದ್ದಾರೆ. ರೆಕಾರ್ಡಿನ ಮೇಲೆ ಉದ್ದಕ್ಕೆ ಗೀರು. ನಾನು ಮುಳ್ಳಿಟ್ಟೆ. ಹಾಡು ಶುರುವಾಯಿತು. ಅವರು ಕೇಳಲಿಲ್ಲ.

“ತೆಗೆದ್ಬುಡಮ್ಮ. ಹಾಡು ಕೇಳೋಕೂ ಇನ್ನೊಬ್ರನ್ನ ಕರೀಬೇಕು ಅಂದ್ರೆ ನಂಗೆ ಹಾಡೇ ಬೇಡ.”

ಗೋಡೆ ತಟ್ಟಿ ಸಾಕು, ಬರುತ್ತೇನೆ ಎಂದೆ. ತಟ್ಟಲಿಲ್ಲ. ಅಡುಗೆ ಮಾಡುವಾಗೆಲ್ಲ ನನ್ನ ಕಿವಿ ಆ ಗೋಡೆಯ ಕಡೆಗೇ. ಊರಿನ ಹುಡುಗರಿಗೆಲ್ಲ ಸೀಟಿ ಊದಿ ಹುಕುಂ ಮಾಡಿದ ಮನುಷ್ಯನಿಗೆ ಒಂದು ಸಲ ಗೋಡೆ ತಟ್ಟುವುದು ಕಷ್ಟವಾಯಿತು. ಆ ಹಟಕ್ಕಿಷ್ಟು ಬೆಂಕಿ ಬೀಳ! ಪ್ಲೇಯರಿನ ಮೇಲೆ ಬಟ್ಟೆ ಹೊದಿಸಿದರು. ಮೇಷ್ಟ್ರು ತೀರಿಹೋಗುವವರೆಗೂ ಆ ಮನೆಯಿಂದ ಮತ್ತೆ ಹಾಡು ಕೇಳಲಿಲ್ಲ...

ಹೋದ ತಿಂಗಳು ಮಗ ರಾಜೀವನಗರಕ್ಕೆ ಮನೆ ಬದಲಿಸಿದ. ಗುಜರಿಗೆ ಹೊರಟಿದ್ದ ಪ್ಲೇಯರನ್ನೂ ಆ ಗೀರು ಬಿದ್ದ ರೆಕಾರ್ಡನ್ನೂ ನಾನು ಕಿತ್ತುಕೊಂಡು ಬಂದೆ. ಹೊಲಿಗೆ ಯಂತ್ರ ಬಿಚ್ಚಿ ಜೋಡಿಸಿದ ಅಭ್ಯಾಸವಿದೆ, ನೋಡೋಣ ಎಂದು ಬಿಚ್ಚಿದರೆ ಕೊಂಡಿ ಒಳಗೇ ಇತ್ತು. ಟೇಪು ಸುತ್ತಿ ಪೆಟ್ಟಿಗೆಯ ಮೂಲೆಗೆ ಅಂಟಿಸಿದ್ದರು. ಮುರಿದಿರಲಿಲ್ಲ. ಎಸೆದಿರಲೂ ಇಲ್ಲ. ಸುಳ್ಳು ಹೇಳಿದ್ದು ಅಂಗಡಿಯವರೋ ಮಗನೋ, ಇಬ್ಬರನ್ನೂ ಸೇರಿಸಿಯೇ ಶಪಿಸಿದೆ. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಆ ಅಂಟನ್ನೆಲ್ಲ ಉಜ್ಜಿ ತೆಗೆದೆ, ಹೊಸ ಗ್ರೀಸು ಸವರಿದೆ, ಕೊಂಡಿ ಸಿಕ್ಕಿಸಿದೆ. ಸಂಜೆಯೊಳಗೆ ಮುಗಿಯಿತು. ಇಷ್ಟೇ ಕೆಲಸ. ಇಷ್ಟು ಕೆಲಸಕ್ಕೆ ಸೋಮಾರಿತನ ಮಾಡಿ ಅವರ ಹಾಡು ಕಿತ್ತುಕೊಂಡರು.

ರೆಕಾರ್ಡಿಟ್ಟು, ಅವರ ಹಾಗೆಯೇ ಮುಷ್ಟಿಯಿಂದ ಲಿವರ್ ತಳ್ಳಿದೆ. ತೋಳು ಎದ್ದಿತು, ಹೋಗಿ ಕೂತಿತು. ಗೀರು ಬಿದ್ದ ಕಡೆಯೆಲ್ಲ ಟಕ್ ಟಕ್ ಎನ್ನುತ್ತಲೇ ಹಾಡು ಮುಗಿಯಿತು. ತೋಳು ತಾನೇ ವಾಪಸು ಬಂದು ಒರಗಿತು. ಗೋಡೆಯಾಚೆಯ ಮನೆಗೆ ಬೀಗ. “ವಿಶ್ರಾಮ್” ಎನ್ನುವವರಿಲ್ಲ. ನನ್ನ ಸಿಟ್ಟು ಇಳಿದಿರಲಿಲ್ಲ. ಮತ್ತೆ ಲಿವರ್ ತಳ್ಳಿದೆ.